ಇಶಾಪುರದ ತ್ರೀ ನಾಟ್ ತ್ರೀ: 750 ಡಾಲರ್ ಕೊಡಬಹುದಾ?

ಅರಸೀಕೆರೆ ಮೊಮ್ಮಗ, ಕೊಲಂಬಸ್ (ಓಹಾಯೋ):

ಎಲ್ಲರಿಗೂ ನಮಸ್ಕಾರ. ನಾನು ಇದುವರೆಗೆ ಒಂದು ಏರ್‌ಗನ್ ಕೂಡ ಕೊಂಡವನಲ್ಲ. ಅದಕ್ಕೇ ತಿಳಿದವರನ್ನು ಕೇಳಿಯೇ ಮುಂದೆ ಹೋಗೋಣ ಅಂತ ಬಂದಿದ್ದೇನೆ.

ನಮ್ಮ ತಾತ ಪೊಲೀಸ್ ಪೇದೆ. ಅರಸೀಕೆರೆಯಲ್ಲಿ ಖಜಾನೆ ಕಾವಲಿಗೆ ಹಾಕಿದ್ದಾಗ ನಾನು ಮಧ್ಯಾಹ್ನ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಿದ್ದೆ. ಅವರ ತ್ರೀ ನಾಟ್ ತ್ರೀ (.303) ರೈಫಲ್ ಗೋಡೆಗೆ ಒರಗಿ ನಿಂತಿರುತ್ತಿತ್ತು. ನನ್ನ ಕತ್ತಿನವರೆಗೆ ಬರುತ್ತಿತ್ತು. ಮುಟ್ಟಲು ಬಿಡುತ್ತಿರಲಿಲ್ಲ. ಹಿಂಭಾಗದ ಹಿತ್ತಾಳೆ ತಟ್ಟೆಗೆ ಬ್ರಾಸೋ ಹಾಕಿ ತಿಕ್ಕುವುದಕ್ಕೆ ಮಾತ್ರ ಒಪ್ಪಿಗೆ. ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಹೋದ ಶನಿವಾರ ಇಲ್ಲಿಂದ ಒಂದು ಗಂಟೆ ದೂರದ ಸಣ್ಣ ಊರಿನ ಬಂದೂಕು ಅಂಗಡಿಯಲ್ಲಿ ಅಂಥದ್ದೇ ಒಂದನ್ನು ನೋಡಿದೆ. ಬೋಲ್ಟಿನ (ಗುಂಡು ಒಳಗೆ ತಳ್ಳಿ ಮುಚ್ಚುವ ಅಗುಳಿ) ಹಿಂದೆ ಬಲಗಡೆ ಕಿರೀಟದ ಗುರುತು, ಜಿ.ಆರ್.ಐ. (ಬ್ರಿಟಿಷ್ ದೊರೆಯ ಗುರುತು), ಇಶಾಪುರ (ಕೋಲ್ಕತ್ತದ ಹತ್ತಿರದ ಬಂದೂಕು ಕಾರ್ಖಾನೆ), 1944, ಆಮೇಲೆ ನಂಬರ್ 1 ಮಾರ್ಕ್ 3 ಸ್ಟಾರ್ ಅಂತ ಕೊರೆದಿದೆ. ಚೀಟಿಯಲ್ಲಿ 750 ಡಾಲರ್. ಬರ್ಮಾ ಯುದ್ಧ ಮಾಡಿ ಬಂದ ರೈಫಲ್ ಇದು ಅಂತ ಅಂಗಡಿಯ ಯಜಮಾನರು ಹೇಳಿದರು. ಅದರ ಹಿಂದಿನ ವಾರ ಗನ್ ಶೋ ಒಂದರಲ್ಲಿ ಇಶಾಪುರದ್ದೇ 2ಎ1 ಅನ್ನುವ ಇನ್ನೊಂದು ಮಾದರಿ ಇತ್ತು. 1967ರದ್ದು. ಮೈಯೆಲ್ಲ ಕಪ್ಪು ಬಣ್ಣ. 550 ಹೇಳಿದರು.

ಮನೆಗೆ ಬಂದು ಅಂತರ್ಜಾಲ ನೋಡಿದರೆ ಒಬ್ಬರು 300 ಅನ್ನುತ್ತಾರೆ, ಇನ್ನೊಬ್ಬರು 1,200 ಅನ್ನುತ್ತಾರೆ. ಸರಿಯಾದ ಬೆಲೆ ಯಾವುದು ಅಂತ ನನ್ನಂಥವನು ಹೇಗೆ ಕಂಡುಕೊಳ್ಳಬೇಕು? ಗೋಡೆಗೆ ತೂಗುಹಾಕಲು ಮಾತ್ರ ಅಲ್ಲ, ವರ್ಷಕ್ಕೆ ನಾಲ್ಕು ಸಲವಾದರೂ ರೇಂಜಿಗೆ ಒಯ್ದು ಹೊಡೆಯುವ ಆಸೆ ಇದೆ.

ಆಸ್ಟಿನ್ ಕನ್ನಡಿಗ, ಟೆಕ್ಸಾಸ್:

ಬೆಲೆಗಿಂತ ಮೊದಲು ಒಂದು ಮಾತು. ನೀವು ಗ್ರೀನ್ ಕಾರ್ಡ್ ಅಥವಾ ಸಿಟಿಜನ್ ಆಗಿದ್ದರೆ ತೊಂದರೆ ಇಲ್ಲ. ಎಚ್-1ಬಿ ತರದ ವೀಸಾದ ಮೇಲೆ ಇದ್ದರೆ ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ. ಅಂಗಡಿಯಲ್ಲಿ 4473 ಅನ್ನೋ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಅದರಲ್ಲಿ ಗೊತ್ತಿದ್ದೂ ಒಂದು ಸುಳ್ಳು ಉತ್ತರ ಕೊಟ್ಟರೂ ದೊಡ್ಡ ಅಪರಾಧ. ನಮ್ಮ ಹುಡುಗರು ಎಷ್ಟೋ ಜನ ಇದನ್ನು ತಿಳಿದಿರುವುದಿಲ್ಲ.

ಬೆಲೆ ವಿಚಾರ. ನೀವು ನೋಡಿದ 1,200 ಯಾರೋ ಕೇಳಿದ ಬೆಲೆ. ಯಾರೂ ಕೊಟ್ಟದ್ದಲ್ಲ. ಗನ್‌ಬ್ರೋಕರ್‌ನಂಥ ಹರಾಜಿನ ಜಾಗದಲ್ಲಿ ಮುಗಿದ ಹರಾಜುಗಳನ್ನು ಮಾತ್ರ ತೋರಿಸು ಅಂತ ಹುಡುಕಿ. ಅದರಲ್ಲೂ ಬಿಡ್ ಬಿದ್ದು ಮಾರಾಟವಾದದ್ದನ್ನು ಮಾತ್ರ ಬರೆದುಕೊಳ್ಳಿ. ಹತ್ತು ಹದಿನೈದು ಸಿಕ್ಕರೆ ಸಾಕು, ಅಂದಾಜು ಬಂದುಬಿಡುತ್ತದೆ. ಅಂಚೆ ಖರ್ಚು, ನಿಮ್ಮ ಊರಿನ ಡೀಲರ್ ತೆಗೆದುಕೊಳ್ಳುವ ವರ್ಗಾವಣೆ ಫೀಸು ಸೇರಿಸುವುದನ್ನು ಮರೆಯಬೇಡಿ. ನನಗೆ ಎರಡೂ ಸೇರಿ 70–80 ಡಾಲರ್ ಆಗಿತ್ತು. ಅಂಗಡಿಯಲ್ಲಿ ಕಣ್ಣಾರೆ ನೋಡಿ ಕೊಂಡರೆ ಅದು ಉಳಿಯುತ್ತದೆ.

ಟೂಲ್‌ರೂಮ್ ರಾಯ, ಪಿಟ್ಸ್‌ಬರ್ಗ್:

ಅರಸೀಕೆರೆಯವರೇ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಜಾಲಹಳ್ಳಿಯ ಎಚ್‌ಎಂಟಿ ಟೂಲ್‌ರೂಮಿನಲ್ಲಿ 19 ವರ್ಷ ದುಡಿದವನು. ಅಲ್ಲಿ ಯಾವ ಭಾಗವನ್ನೂ ಮುಖ ನೋಡಿ ಪಾಸು ಮಾಡುತ್ತಿರಲಿಲ್ಲ. ಗೇಜು ಹಾಕಬೇಕು, ಹೋದರೆ ಸರಿ, ಹೋಗದಿದ್ದರೆ ವಾಪಸ್ಸು. ಅಷ್ಟು ಗೊತ್ತಿದ್ದೂ 2012ರಲ್ಲಿ ನನ್ನ ಮೊದಲ ಲೀ-ಎನ್‌ಫೀಲ್ಡ್ (ಈ ತ್ರೀ ನಾಟ್ ತ್ರೀ ರೈಫಲಿನ ಹೆಸರು) ಕೊಂಡಾಗ ಗೇಜು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಗನ್ ಶೋ ಮೇಜಿನ ಮೇಲೆ ಮರ ಫಳಫಳ ಹೊಳೆಯುತ್ತಿತ್ತು. 325 ಡಾಲರ್. ಬ್ಯಾರೆಲ್ ತುಂಬ ಗ್ರೀಸು ಕಟ್ಟಿತ್ತು. ಒರೆಸಿದರೆ ಕನ್ನಡಿ ತರ ಆಗುತ್ತೆ ಅಂದರು ಮಾರುವವರು. ಮನೆಗೆ ತಂದು ಮೂರು ಕೆಟಲ್ ಬಿಸಿನೀರು ಸುರಿದು, ಬಟ್ಟೆ ಎಳೆದು, ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಹುಣಸೆ ಮರದ ತೊಗಟೆ ಇದ್ದಂಗೆ ಇತ್ತು. ಬೋಲ್ಟಿನ ನಂಬರ್ ಬೇರೆ, ರೈಫಲಿನ ನಂಬರ್ ಬೇರೆ. ಅದನ್ನು ಒಂದು ಸಲವೂ ಹಾರಿಸಲಿಲ್ಲ. ಮೂರು ವರ್ಷ ಇಟ್ಟುಕೊಂಡು, ಇರುವ ದೋಷವನ್ನೆಲ್ಲ ಹೇಳಿಯೇ 180ಕ್ಕೆ ಮಾರಿದೆ.

ಅದಕ್ಕೆ ನನ್ನ ಮಾತು ಇಷ್ಟು. ಮೊದಲ ರೈಫಲಿಗೆ ನೂರು ಡಾಲರ್ ಜಾಸ್ತಿ ಹೋದರೂ ಪರವಾಗಿಲ್ಲ. ಬ್ಯಾರೆಲ್ಲನ್ನೂ ಬೋಲ್ಟನ್ನೂ ನೋಡದೆ ಒಂದು ಡಾಲರ್ ಕೂಡ ಕೊಡಬೇಡಿ.

ಆ ಅಂಗಡಿಗೆ ಇನ್ನೊಂದು ಸಲ ಹೋಗಿ. ಕೈಯಲ್ಲಿ ಸಣ್ಣ ಟಾರ್ಚ್ ಇರಲಿ. ಮೊದಲು ರೈಫಲ್ ಖಾಲಿ ಇದೆ ಅಂತ ನೀವೇ ಕಣ್ಣಿಟ್ಟು, ಬೆರಳಿಟ್ಟು ನೋಡಿಕೊಳ್ಳಿ. ಬೋಲ್ಟ್ ಹೊರಗೆ ತೆಗೆದು ಕೊಡಿ ಅಂತ ಯಜಮಾನರನ್ನೇ ಕೇಳಿ. ಹಿಂದಿನಿಂದ ಬೆಳಕು ಬಿಟ್ಟು ಬಾಯಿಯ ಕಡೆಯಿಂದ ಬ್ಯಾರೆಲ್ ಒಳಗೆ ನೋಡಿ. ಎಡಕ್ಕೆ ಸುತ್ತುವ ಐದು ತೋಡು ಕಾಣಬೇಕು. ತೋಡಿನ ತಳ ಸ್ವಲ್ಪ ಕಪ್ಪಾಗಿದ್ದರೆ ಹೆದರಬೇಡಿ. ಆ ಕಾಲದ ಗುಂಡುಗಳ ಕ್ಯಾಪಿನಲ್ಲಿ (ಮದ್ದಿಗೆ ಕಿಡಿ ಹಚ್ಚುವ ಭಾಗ) ಉಪ್ಪು ಬಿಡುವ ರಾಸಾಯನಿಕ ಇರುತ್ತಿತ್ತು. ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆಯದಿದ್ದರೆ ತೇವ ಹಿಡಿದು ತುಕ್ಕು ತಿನ್ನುತ್ತಿತ್ತು. ನೀವು ನೋಡಬೇಕಾದ್ದು ತೋಡುಗಳ ನಡುವಿನ ದಿಂಡಿನ ಅಂಚು. ಅದು ಚೂಪಾಗಿದ್ದರೆ ಕಪ್ಪು ಬ್ಯಾರೆಲ್ ಕೂಡ ಚೆನ್ನಾಗಿ ಹೊಡೆಯುತ್ತದೆ. ಅಂಚು ಕರಗಿ ಗುಂಡಗಾಗಿದ್ದರೆ ಎಷ್ಟು ಹೊಳೆದರೂ ಪ್ರಯೋಜನ ಇಲ್ಲ.

ಆಮೇಲೆ ಬ್ಯಾರೆಲ್ಲಿನ ಬಾಯಿ. ಸಿಪಾಯಿಗಳು ಹಗ್ಗಕ್ಕೆ ಬಟ್ಟೆ ಕಟ್ಟಿ ಒಳಗಿನಿಂದ ಎಳೆದು ಸ್ವಚ್ಛ ಮಾಡುತ್ತಿದ್ದರು. ದಿನಾ ಒಂದೇ ಓರೆಯಲ್ಲಿ ಎಳೆದೂ ಎಳೆದೂ, ಬಾವಿಯ ಕಲ್ಲು ಹಗ್ಗಕ್ಕೆ ಸವೆದಂತೆ, ಬಾಯಿ ಒಂದು ಪಕ್ಕಕ್ಕೆ ಸವೆದಿರುತ್ತದೆ. ಮದ್ದಿಲ್ಲದ, ಕ್ಯಾಪಿಲ್ಲದ ಒಂದು ಡಮ್ಮಿ ಗುಂಡು ಅಂಗಡಿಯಲ್ಲಿ ಸಿಗುತ್ತಾ ಕೇಳಿ. ಅದರ ಮೂತಿಯನ್ನು ಬ್ಯಾರೆಲ್ ಬಾಯಿಗೆ ಇಡಿ. ಹಿತ್ತಾಳೆ ಕವಚಕ್ಕೂ ಬ್ಯಾರೆಲ್ಲಿಗೂ ನಡುವೆ ಗುಂಡಿನ ತಾಮ್ರ ಸ್ವಲ್ಪ ಕಾಣುತ್ತಿರಬೇಕು. ಕವಚವೇ ಬಂದು ಬಾಯಿಗೆ ತಾಗಿತು ಅಂದರೆ ಸವೆದಿದೆ, ಬೆಲೆ ಇಳಿಸಿ ಅಥವಾ ಬಿಟ್ಟು ಬನ್ನಿ. ಇದು ಅಳತೆಯಲ್ಲ, ಅಂದಾಜು ಅಷ್ಟೇ. ಆದರೂ ನನಗೆ ತುಂಬಾ ಸಲ ದುಡ್ಡು ಉಳಿಸಿದೆ.

ನಂಬರುಗಳು. ಬ್ಯಾರೆಲ್ ಕೂರುವ ಉಂಗುರದ ಮೇಲೆ ಒಂದು, ಬೋಲ್ಟಿನ ಹಿಡಿಯ ಬೇರಿನ ಹಿಂದೆ ಒಂದು, ಮೂಗಿನ (ಬಾಯಿ ಕಡೆಯ ತುದಿಯ) ಕಬ್ಬಿಣದ ಮೇಲೆ ಒಂದು, ಹಿಂದಿನ ಗುರಿಪಟ್ಟಿಯ ಕೆಳಗೆ ಒಂದು ಇರುತ್ತವೆ. ಎಲ್ಲವೂ ಒಂದೇ ಇದ್ದರೆ ಅಪರೂಪ. ಮೂಗಿನದು ಬೇರೆ ಇದ್ದರೆ ಚಿಂತೆ ಬೇಡ. ಬೋಲ್ಟಿನದು ಬೇರೆ ಇದ್ದರೆ ಮಾತ್ರ ನಿಲ್ಲಿ. ಬೋಲ್ಟನ್ನು ಕಾರ್ಖಾನೆಯಲ್ಲಿ ಆಯಾ ರೈಫಲಿಗೆ ಕೂರಿಸಿ ಉಜ್ಜುತ್ತಿದ್ದರು. ಬೇರೆಯದು ಹಾಕಿದ್ದರೆ ಬೋಲ್ಟಿನ ಮುಖಕ್ಕೂ ಗುಂಡಿನ ಅಂಚು ಕೂರುವ ಬ್ಯಾರೆಲ್ಲಿನ ಹಿಂಬದಿಗೂ ನಡುವಿನ ಸಂದು ಹೆಚ್ಚು ಕಡಿಮೆ ಆಗಿರಬಹುದು. ಅದನ್ನು ಹೆಡ್‌ಸ್ಪೇಸ್ ಅನ್ನುತ್ತಾರೆ. 0.064 ಇಂಚಿನ ಗೇಜಿನ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಬೇಕು. 0.074ರ ಮೇಲೆ ಮುಚ್ಚಬಾರದು. ನಡುವೆ ಇರುವುದು ಒಂದು ಇಂಚಿನ ನೂರನೇ ಒಂದು ಭಾಗ, ಅಷ್ಟೇ. ನಿಮ್ಮ ಕೆನ್ನೆ ಇರುವುದು ಅದರ ಪಕ್ಕದಲ್ಲಿ, ಹಾಗಾಗಿ ಇದರಲ್ಲಿ ರಾಜಿ ಬೇಡ. ನನ್ನ ಗೇಜು ಜೋಡಿ ಅಂಚೆಯಲ್ಲಿ ಕಳಿಸುತ್ತೇನೆ, ಕೆಲಸ ಮುಗಿದ ಮೇಲೆ ವಾಪಸ್ ಕಳಿಸಿ. ವಿಳಾಸ ಖಾಸಗಿಯಾಗಿ ತಿಳಿಸಿ.

ಮರ. ಬೋಲ್ಟಿನ ಹಿಂಭಾಗ ಸೇರುವ ಜಾಗದಲ್ಲಿ ಮುಂದಿನ ಮರದ ಬಾಲ ಸೀಳಿರುತ್ತದೆ. ಲೀ-ಎನ್‌ಫೀಲ್ಡಿನ ಹಳೇ ಕಾಯಿಲೆ ಅದು. ಕೂದಲೆಳೆಯ ಸೀಳಾದರೆ ಅಂಟು ಹಾಕಬಹುದು. ಬೆರಳಿಟ್ಟರೆ ಅಲ್ಲಾಡುವಷ್ಟು ಇದ್ದರೆ ಒಳ್ಳೆಯ ಮರಕ್ಕೇ ನೂರು ಡಾಲರಿನ ಮೇಲೆ ಹೋಗುತ್ತದೆ, ಅದನ್ನು ಕೂರಿಸುವುದು ಇನ್ನೊಂದು ಕಷ್ಟ. ಇಶಾಪುರದ ರೈಫಲ್‌ಗಳಲ್ಲಿ ಮುಂದಿನ ಮರಕ್ಕೆ ಅಡ್ಡವಾಗಿ ಒಂದು ಸ್ಕ್ರೂ ಹೊಡೆದಿರುತ್ತಾರೆ. ಯಾರೋ ರಿಪೇರಿ ಮಾಡಿದ್ದಾರೆ ಅಂದುಕೊಳ್ಳಬೇಡಿ. ಬಲಕ್ಕೆ ಅಂತ ಅಲ್ಲಿಯೇ ಹಾಕಿದ್ದು. ಕೆಲವದಕ್ಕೆ ತಂತಿ ಸುತ್ತಿರುತ್ತದೆ. ಅವು ಗ್ರೆನೇಡ್ ಎಸೆಯಲು ಮೀಸಲಿಟ್ಟವು, ತುಂಬಾ ಪೆಟ್ಟು ತಿಂದಿರುತ್ತವೆ. ಹೊಡೆಯಲು ಬೇಕಾದರೆ ಅದನ್ನು ಬಿಟ್ಟುಬಿಡಿ.

ಇನ್ನು ಮೂರು ಗುರುತು ಕಂಡರೆ ಚೌಕಾಸಿಯನ್ನೇ ಮಾಡಬೇಡಿ. ಡಿ.ಪಿ. ಅಂತ ಹೊಡೆದಿದ್ದರೆ ಅದು ಕವಾಯತಿಗೆ ಇಳಿಸಿದ ರೈಫಲ್, ಹಾರಿಸುವಂತಿಲ್ಲ. ಮ್ಯಾಗಝೀನಿನಲ್ಲಿ ಮರದ ತುಂಡು ತುರುಕಿದ್ದರೆ, ಬ್ಯಾರೆಲ್ ಒಳಗೆ ತೋಡೇ ಇಲ್ಲದೆ ನುಣ್ಣಗಿದ್ದರೆ, ಅದು ಪೊಲೀಸರಿಗೆ ಅಂತ .410 ಬೋರಿಗೆ ಬದಲಾಯಿಸಿದ ಮಸ್ಕೆಟ್. ನಮ್ಮ ದೇಶದಲ್ಲಿ ಅಂಥವು ತುಂಬಾ ಇದ್ದವು. ಮೂರನೆಯದು ದರ್ರಾ (ಪಾಕಿಸ್ತಾನದಲ್ಲಿ ಬಂದೂಕು ಮಾಡುವ ಊರು) ಕಡೆಯ ಕೈಗೆಲಸದ ನಕಲು. ಅಕ್ಷರ ತಿರುಗುಮುರುಗಾಗಿರುತ್ತದೆ. ಇಲ್ಲವೇ ವಿಕ್ಟೋರಿಯಾ ರಾಣಿಯ ವಿ.ಆರ್. ಗುರುತಿನ ಕೆಳಗೆ 1907 ಅಂತ ಇರುತ್ತದೆ. ರಾಣಿ ಸತ್ತದ್ದು 1901ರಲ್ಲಿ ಅಲ್ವಾ! ನೀವು ಹೇಳಿದ ಗುರುತುಗಳೆಲ್ಲ ಸರಿಯಾಗಿವೆ, ಆ ಭಯ ಬೇಡ.

ಬರ್ಮಾ ಕತೆಗೆ ಬೆಲೆ ಕಟ್ಟಬೇಡಿ. 1944ರಲ್ಲಿ ಆಯಿತು ಅನ್ನುವುದು ಕಬ್ಬಿಣದ ಮೇಲೇ ಇದೆ. ಎಲ್ಲಿಗೆ ಹೋಗಿತ್ತು ಅನ್ನಲು ಕಾಗದ ಬೇಕು. ಯಜಮಾನರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ, ಅವರಿಗೂ ಯಾರೋ ಹೇಳಿರುತ್ತಾರೆ. ನಿಮಗೆ ಅದರ ಅಗತ್ಯವೂ ಇಲ್ಲ. ಕೋಲ್ಕತ್ತದ ಹತ್ತಿರದ ಅದೇ ಕಾರ್ಖಾನೆಯ ರೈಫಲ್‌ಗಳನ್ನೇ ನಮ್ಮ ಪೊಲೀಸರು ಹೆಗಲಿಗೆ ಹಾಕಿಕೊಂಡು ನಿಂತದ್ದು. ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದೇ 2020ರ ಜನವರಿಯಲ್ಲಿ. ಬರ್ಮಾಕ್ಕಿಂತ ನಿಮ್ಮ ತಾತನ ಅರಸೀಕೆರೆ ನಿಮಗೆ ದೊಡ್ಡದು.

ಈಗ ಲೆಕ್ಕ. ನಾನು ಒಂದು ನೋಟ್‌ಬುಕ್ಕಿನಲ್ಲಿ ಮುಗಿದ ಹರಾಜಿನ ಬೆಲೆ ಬರೆದಿಡುತ್ತೇನೆ. ಹೋದ ಒಂದು ವರ್ಷದಲ್ಲಿ, ಮರ ಪೂರ್ತಿ ಇರುವ, ಬೋಲ್ಟ್ ನಂಬರ್ ಹೊಂದುವ, ಬ್ಯಾರೆಲ್ ಚೆನ್ನಾಗಿರುವ ಇಶಾಪುರದ ಮಾರ್ಕ್ 3 ಸ್ಟಾರ್‌ಗಳು ನನ್ನ ಕಣ್ಣಿಗೆ ಬಿದ್ದದ್ದು 550ರಿಂದ 700ರ ಒಳಗೆ. ಬೋಲ್ಟ್ ಬೇರೆಯದಾದರೆ 400–500. ಬೇಟೆಗೆ ಅಂತ ಮುಂದಿನ ಮರ ಕತ್ತರಿಸಿ ಹಾಕಿದ್ದರೆ 250 ಬಂದರೆ ಹೆಚ್ಚು. ಕತ್ತರಿಸಿದ್ದನ್ನು ಅಗ್ಗಕ್ಕೆ ಕೊಂಡು ಸರಿ ಮಾಡುತ್ತೇನೆ ಅಂತ ಹೋಗಬೇಡಿ. ಬಿಡಿಭಾಗ ಕೂಡಿಸುವ ಹೊತ್ತಿಗೆ ಇಡೀ ರೈಫಲಿನ ದುಡ್ಡು ದಾಟಿರುತ್ತದೆ. ಆಮದು ಮಾಡಿದ ಕಂಪನಿಯ ಹೆಸರು ಬ್ಯಾರೆಲ್ ಮೇಲೆ ಸಣ್ಣದಾಗಿ ಇರಬಹುದು. ಇಲ್ಲದಿದ್ದರೆ ಸಂಗ್ರಹ ಮಾಡುವವರು ಸ್ವಲ್ಪ ಹೆಚ್ಚು ಕೊಡುತ್ತಾರೆ, ನಿಮಗೆ ಅದು ಮುಖ್ಯ ಅಲ್ಲ.

ಹಾಗಾಗಿ 750 ಮೋಸದ ಬೆಲೆಯಲ್ಲ, ಮೇಲಿನ ಅಂಚಿನ ಬೆಲೆ. ಎಲ್ಲ ಪರೀಕ್ಷೆ ಪಾಸಾದರೆ 650ಕ್ಕೆ ಕೇಳಿ. ಕಂಡ ಒಂದೊಂದು ದೋಷವನ್ನೂ ಅವರಿಗೇ ತೋರಿಸಿ, ಮರ್ಯಾದೆಯಾಗಿ ಇಳಿಸಿ. ಇದೆಲ್ಲ ನೂರು ಡಾಲರಿನ ಸಾಮಾನು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2010ರ ಸುಮಾರಿಗೆ ರಷ್ಯಾದ ಮೋಸಿನ್ ರೈಫಲ್ ನೂರು ಡಾಲರಿಗೆ ಪೆಟ್ಟಿಗೆಗಟ್ಟಲೆ ಸಿಗುತ್ತಿತ್ತು, ನಿಜ. ಆ ಪೆಟ್ಟಿಗೆಗಳು ಖಾಲಿಯಾಗಿ ವರ್ಷಗಳಾದವು.

ಕಾವೇರಿ ದಡ, ಡೆಟ್ರಾಯಿಟ್:

ನಾನು ಕೊಡಗಿನವನು. ನಮ್ಮ ಐನ್‌ಮನೆಯಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂವಿನ ಸಿಂಗಾರ ಮಾಡಿ ಪೂಜೆ ಮಾಡುವುದನ್ನು ನೋಡಿಕೊಂಡೇ ಬೆಳೆದೆ. ಹಳೆಯ ಮರದ ಮೇಲಿನ ಬೆವರಿನ ಕಪ್ಪು ನನಗೆ ಇಷ್ಟ. ದಯವಿಟ್ಟು ಯಾರೂ ಅದನ್ನು ಉಜ್ಜಿ ವಾರ್ನಿಶ್ ಹೊಡೆಯಬೇಡಿ. ಹಾಗೆ ಹೊಡೆದದ್ದು ಕಂಡರೆ ನಾನು ಐವತ್ತು ಡಾಲರ್ ಕಡಿಮೆ ಮಾಡುತ್ತೇನೆ. ಅಗಸೆ ಎಣ್ಣೆ ಒಂದೆರಡು ಹನಿ ಅಂಗೈಯಲ್ಲಿ ಬಿಸಿ ಮಾಡಿ ತಿಕ್ಕಿದರೆ ಸಾಕು.

ಆದರೆ ರಾಯರ ಮಾತಿಗೆ ಒಂದು ತಕರಾರು ಇದೆ. ಹೊಡೆಯುವ ಆಸೆ ಇರುವವರು 550ರ 2ಎ1 ಯಾಕೆ ತೆಗೆದುಕೊಳ್ಳಬಾರದು? 1962ರ ಚೀನಾ ಯುದ್ಧದ ನಂತರ 7.62 ಗುಂಡಿಗೆ ಅಂತಲೇ ಹೊಸದಾಗಿ, ಗಟ್ಟಿ ಉಕ್ಕಿನಲ್ಲಿ ಮಾಡಿದ ರೈಫಲ್ ಅದು. ಹಳೇ .303ಯ ಬ್ಯಾರೆಲ್ ಬದಲಾಯಿಸಿದ್ದು ಅಂತ ತುಂಬಾ ಜನ ತಪ್ಪು ತಿಳಿದಿದ್ದಾರೆ. ಕಪ್ಪು ಬಣ್ಣ ಕೂಡ ಅಲ್ಲಿಯದೇ, ದೋಷ ಮುಚ್ಚಲು ಬಳಿದದ್ದಲ್ಲ. .303ಯ 20 ಗುಂಡಿನ ಪೆಟ್ಟಿಗೆಗೆ ನಾನು ಹೋದ ಸಲ 32 ಡಾಲರ್ ಕೊಟ್ಟೆ, 7.62 ಅಷ್ಟೇ ಗುಂಡಿಗೆ 19 ಡಾಲರ್. ವರ್ಷಕ್ಕೆ ನಾಲ್ಕು ಸಲ, ಸಲಕ್ಕೆ 40 ಗುಂಡು ಅಂದರೆ ನೂರು ಡಾಲರಿನ ವ್ಯತ್ಯಾಸ. ರೈಫಲಿನ ಬೆಲೆಯಲ್ಲಿ ಉಳಿದದ್ದರ ಜೊತೆಗೆ ಎರಡು ವರ್ಷದಲ್ಲಿ ಗುಂಡಿನಲ್ಲೂ ಇನ್ನೂರು ಉಳಿಯುತ್ತದೆ.

ಟೂಲ್‌ರೂಮ್ ರಾಯ:

ಗುಂಡಿನ ಲೆಕ್ಕ ಒಪ್ಪಿದೆ. ನಾನು ಬರೆಯಬೇಕಿತ್ತು, ಬಿಟ್ಟುಹೋಯಿತು. ಬರೀ ಹೊಡೆಯುವುದಕ್ಕಾದರೆ 2ಎ1 ಒಳ್ಳೆಯದು. ಸೈನ್ಯದ 7.62 ಮಟ್ಟದ ಗುಂಡನ್ನೇ ಹಾಕಿ, ಅದೇ ಅಳತೆಯಲ್ಲಿ ಬರುವ ಬೇಟೆಯ ಜೋರು ಗುಂಡು ಬೇಡ. ಆದರೆ ಇವರ ತಾತನ ಕೈಲಿದ್ದದ್ದು ತ್ರೀ ನಾಟ್ ತ್ರೀ. ಭಾರತದಲ್ಲಿ .303 ಬೋರು ಸಾಮಾನ್ಯ ಜನಕ್ಕೆ ನಿಷಿದ್ಧ, ಊರಲ್ಲಿದ್ದಿದ್ದರೆ ಇವರಿಗೆ ಇದು ಸಿಗುತ್ತಲೇ ಇರಲಿಲ್ಲ. ಇಲ್ಲಿ ಸಿಗುವಾಗ ಬೇರೆಯದನ್ನು ತೆಗೆದುಕೊಳ್ಳಿ ಅಂತ ಹೇಳಲು ನನಗೆ ಮನಸ್ಸು ಬರುತ್ತಿಲ್ಲ.

ಇನ್ನೊಂದು. ಇವು ಒಂದಕ್ಕೇ ನಿಲ್ಲುವುದಿಲ್ಲ. 50 ವರ್ಷ ದಾಟಿದ ಬಂದೂಕುಗಳಿಗೆ ಸಂಗ್ರಹಕಾರರ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ 30 ಡಾಲರ್. ಅದಿದ್ದರೆ ಡೀಲರಿನ ವರ್ಗಾವಣೆ ಫೀಸು ಉಳಿಯುತ್ತದೆ. ನಿಮ್ಮ ರಾಜ್ಯದ ನಿಯಮ ಒಂದು ಸಲ ನೋಡಿಕೊಳ್ಳಿ.

ಅರಸೀಕೆರೆ ಮೊಮ್ಮಗ:

ಹತ್ತು ದಿನ ಆಯಿತು, ಕ್ಷಮಿಸಿ. ರಾಯರೇ, ನಿಮ್ಮ ಗೇಜು ನಿನ್ನೆ ಅಂಚೆಗೆ ಹಾಕಿದೆ, ಹತ್ತಿಯಲ್ಲಿ ಸುತ್ತಿದ್ದೇನೆ.

ಶನಿವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋದೆ. ಯಜಮಾನರಿಗೆ ಎಂಬತ್ತು ಹತ್ತಿರ ಇರಬೇಕು. ಗೇಜು ನೋಡಿ ಖುಷಿಪಟ್ಟರು. ಗೇಜು ಹಾಕಿ ನೋಡುವವರು ಬಂದು ಬಹಳ ದಿನ ಆಗಿತ್ತು ಅಂದರು. ಬೋಲ್ಟ್ ಅವರೇ ತೆಗೆದು ಕೊಟ್ಟರು. 0.064ರ ಮೇಲೆ ಮುಚ್ಚಿತು. 0.074 ಹಾಕಿದಾಗ ಹಿಡಿ ಅರ್ಧಕ್ಕೆ ನಿಂತಿತು. ಆ ಕ್ಷಣ ನನ್ನ ಎದೆ ಹಗುರಾಯಿತು. ಬ್ಯಾರೆಲ್ ಒಳಗೆ ಕಪ್ಪು ಇದೆ, ದಿಂಡಿನ ಅಂಚು ಚೂಪಾಗಿದೆ. ಡಮ್ಮಿ ಗುಂಡು ಇಟ್ಟಾಗ ಒಂದು ಅಕ್ಕಿಕಾಳಿನಷ್ಟು ತಾಮ್ರ ಕಾಣುತ್ತಿತ್ತು. ಬೋಲ್ಟಿನ ನಂಬರ್ ಹೊಂದಿತು. ಮೂಗಿನದು ಬೇರೆ. ಮರದ ಬಾಲದಲ್ಲಿ ಕೂದಲೆಳೆಯ ಸೀಳು ಇತ್ತು. ನೀವು ಹೇಳಿರದಿದ್ದರೆ ಅದನ್ನು ಮರದ ಗೆರೆ ಅಂದುಕೊಂಡಿರುತ್ತಿದ್ದೆ. ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ ಹೌದು ಅಂದರು. ನಾನು 620 ಕೇಳಿದೆ, 640ಕ್ಕೆ ನಿಂತರು. ಫಾರಂ, ತಪಾಸಣೆ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು.

ಕಾರಿಗೆ ಇಡುವ ಮುಂಚೆ ಹಿಂದಿನ ಹಿತ್ತಾಳೆ ತಟ್ಟೆಯ ಸಣ್ಣ ಬಾಗಿಲು ತೆಗೆದು ನೋಡಿದೆ. ಒಳಗೆ ಹಿತ್ತಾಳೆಯ ಎಣ್ಣೆ ಶೀಶೆ, ಕೊಳೆತ ಹಗ್ಗದ ಒಂದು ತುಂಡು. ಶೀಶೆ ಅಲ್ಲಾಡಿಸಿದರೆ ತಳದಲ್ಲಿ ಇನ್ನೂ ಏನೋ ಅಂಟಿಕೊಂಡಿದೆ.

ರಾತ್ರಿ ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿದೆ. ತುಂಬಾ ಹೊತ್ತು ಸುಮ್ನೆ ನೋಡಿದರು. ಆಮೇಲೆ, ಬೆಲ್ಟ್ ಎಲ್ಲಿ, ಅಪ್ಪ ಭಾನುವಾರ ಬೆಲ್ಟನ್ನೂ ತಿಕ್ಕುತ್ತಿದ್ದರು, ತುದಿಯಲ್ಲಿ ಹಿತ್ತಾಳೆ ಇತ್ತು ಅಂದರು.

ಹಾಗಾಗಿ ಇನ್ನೊಂದು ಪ್ರಶ್ನೆ. ಹಿತ್ತಾಳೆ ತುದಿಯ, ಒಂದೂಕಾಲು ಇಂಚು ಅಗಲದ ರೈಫಲನ್ನು ಹೆಗಲಿಗೆ ಹಾಕಿಕೊಳ್ಳುವ ಆ ಖಾಕಿ ನೇಯ್ಗೆ ಬೆಲ್ಟು, ಭಾರತದಲ್ಲೇ ಮಾಡಿದ್ದು, ಎಷ್ಟಕ್ಕೆ ಸಿಕ್ಕರೆ ಸರಿ?